ಬೀಗಪ್ಪನ ಮಾನನಷ್ಟ

ಗಂಡ: ಎಷ್ಟು ಸಲ ಬಡ್ಕೊಂಡೆ ನಿನಗೆ, ಬಾಯಿಗೆ ಸ್ವಲ್ಪ ಬೀಗ ಹಾಕ್ಕೋ ಅಂತ!

ಹೆಂಡತಿ: ಬೀಗ ಹಾಕಿದ್ದು ಅವನು. ಹಾಕ್ಬೇಡ ಅಂದಿದ್ದು ನಾನು. ಈಗ ನೀವೂ ಬೀಗದ ಪಾರ್ಟಿ ಸೇರ್ಕೊಂಡ್ರಾ?

ಗಂಡ: ನಾನು ಯಾವ ಪಾರ್ಟಿನೂ ಸೇರಿಲ್ಲ ಕಣೇ. ನೋಟೀಸು ಬಂದಿದೆ, ವಕೀಲರ ನೋಟೀಸು! ಮಾನನಷ್ಟ ಅಂತೆ!

ಹೆಂಡತಿ: ನಷ್ಟ ಆಗೋಕೆ ಮೊದಲು ಇರ್ಬೇಕಲ್ಲ.

ಗಂಡ: ನೋಡು, ಇದೇ! ಇದೇ ಬಾಯಿ! ಇದರಿಂದಲೇ ನಾವು ಈ ಮೆಟ್ಟಿಲು ಹತ್ತೋ ಹಾಗಾಗಿದ್ದು!

ಅವರು ಹತ್ತುತ್ತಿದ್ದುದು ಚಪ್ಪಲಿ ಅಂಗಡಿಯ ಮೇಲಿದ್ದ ವಕೀಲೆಯ ಆಫೀಸಿಗೆ. ಗಂಡನಿಗೆ ಸ್ವಂತ ಸಲೂನ್ ಇತ್ತು. ಒಂದೇ ಕುರ್ಚಿ, ಒಂದೇ ಕನ್ನಡಿ. ಬಾಯಿ ಮಾತ್ರ ಹತ್ತು ಕುರ್ಚಿಗಾಗುವಷ್ಟು. ಬೀದಿಯಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು, ಅವನೂ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಹೆಂಡತಿ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿನ ಸೂಪರ್‌ವೈಸರ್ ಹಿಂಬಾಗಿಲಿಗೆ ಬೀಗ ಹಾಕಿಡುತ್ತಾನೆ ಎಂದು ಮೊದಲು ಮ್ಯಾನೇಜರ್‌ಗೆ ಹೇಳಿದಳು. ಆತ ಹೂಂ ಅಂದು ಸುಮ್ಮನಾದ. ಆಮೇಲೆ ಕಾರ್ಮಿಕ ನ್ಯಾಯಮಂಡಳಿಗೆ ದೂರು ಕೊಟ್ಟಳು, ಮೊದಲ ವಿಚಾರಣೆಯಲ್ಲಿ ಸಾಕ್ಷಿಯನ್ನೂ ನುಡಿದಳು. ಅದಾದ ವಾರಕ್ಕೆಲ್ಲ ನೋಟೀಸು ಮನೆ ಬಾಗಿಲು ತಟ್ಟಿತು. ಗಂಡ ಮೊದಲ ಪುಟ ಓದುವಷ್ಟರಲ್ಲೇ ತಲೆ ತಿರುಗಿ ಕೂತುಬಿಟ್ಟಿದ್ದ. ಎರಡನೆಯ ಪುಟ ಮುಟ್ಟುವ ಧೈರ್ಯ ಅವನಿಗೂ ಬರಲಿಲ್ಲ, ಪುರುಸೊತ್ತು ಅವಳಿಗೂ ಸಿಗಲಿಲ್ಲ.

ವಕೀಲೆಗೆ ತಲೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು ಕನ್ನಡಕ.

ವಕೀಲೆ: ಕೂತ್ಕೊಳ್ಳಿ. ದೂರು ಕೊಟ್ಟಿದ್ದು ಯಾರ ಮೇಲೆ?

ಹೆಂಡತಿ: ಬೀಗಪ್ಪನ ಮೇಲೆ.

ವಕೀಲೆ: ಬೀಗರ ಮೇಲಾ? ಸಂಬಂಧದಲ್ಲಿ ಜಗಳ ಅನ್ನಿ. ನೀವು ಹೆಣ್ಣು ಕೊಟ್ಟವರೋ, ತಂದವರೋ?

ಗಂಡ: ಅಯ್ಯೋ ಮೇಡಂ, ನಮ್ಮ ಮಗಳಿನ್ನೂ ಹಾಲುಹಲ್ಲು ಬೀಳಿಸ್ಕೊಂಡು ಕೂತಿದ್ದಾಳೆ! ಬೀಗರಲ್ಲ, ಬೀಗ. ಬಾಗಿಲಿಗೆ ಹಾಕೋ ಬೀಗ.

ಹೆಂಡತಿ: ನಮ್ಮ ಸೂಪರ್‌ವೈಸರು. ಹಿಂಬಾಗಿಲಿಗೆ ಬೀಗ ಹಾಕಿ ಕೀಲಿ ಜೇಬಲ್ಲಿಟ್ಕೊಂಡು ಓಡಾಡ್ತಾನೆ. ಅದಕ್ಕೆ ಹುಡುಗಿಯರೆಲ್ಲ ಸೇರಿ ಬೀಗಪ್ಪ ಅಂತ ಹೆಸರಿಟ್ಟಿದ್ದೀವಿ.

ವಕೀಲೆ: ಕೀಲಿ ಯಾಕೆ ಜೇಬಲ್ಲಿ?

ಹೆಂಡತಿ: ದಿಂಬಿನ ಕವರು ಕಳುವಾಗುತ್ತಂತೆ. ದಿಂಬಿನ ಕವರು ಹೊರಗೆ ಹೋಗಬಾರದು ಅಂತ ಮನುಷ್ಯರನ್ನ ಒಳಗಿಟ್ಟಿದ್ದಾನೆ.

ವಕೀಲೆ: ಇದನ್ನ ನ್ಯಾಯಮಂಡಳಿ ಮುಂದೆ ಹೇಳಿದ್ರಾ?

ಹೆಂಡತಿ: ಇದೇ ಮಾತಲ್ಲಿ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ.

ಗಂಡ: (ಹಣೆ ಚಚ್ಚಿಕೊಳ್ಳುತ್ತ) ಜೋರಾಗೇ ಹೇಳಿದ್ಲಂತೆ!

ವಕೀಲೆ: ಒಳ್ಳೇದು. ಹಾಗಾದ್ರೆ ನಿಮಗೆ ಸಂಪೂರ್ಣ ವಿಶೇಷಾಧಿಕಾರ ಇದೆ.

ಗಂಡ: ಇವಳಿಗಾ? ಅದು ಮನೇಲಿ ಮದುವೆಯಾದ ದಿನದಿಂದಲೇ ಇದೆ ಮೇಡಂ. ಹೊರಗೂ ಕೊಟ್ಟುಬಿಟ್ರಾ?

ವಕೀಲೆ: ಆ ಅಧಿಕಾರ ಅಲ್ಲ. ನ್ಯಾಯಮಂಡಳಿಗೆ ಕೊಟ್ಟ ದೂರು, ಅಲ್ಲಿ ನುಡಿದ ಸಾಕ್ಷಿ, ಅದರ ಮೇಲೆ ಮಾನನಷ್ಟದ ಕೇಸು ನಿಲ್ಲೋದಿಲ್ಲ. ವಿಷಯಕ್ಕೆ ಸಂಬಂಧಪಟ್ಟ ಮಾತಾಗಿದ್ರೆ ಸಾಕು. ಕೋಪದಲ್ಲಿ ಹೇಳಿದ್ರೂ ನಿಲ್ಲಲ್ಲ, ಸೇಡಿಂದ ಹೇಳಿದ್ರೂ ನಿಲ್ಲಲ್ಲ. ಹಾಗೆ ಇಲ್ಲದಿದ್ರೆ ಕೆಲಸದ ಜಾಗದ ಅನ್ಯಾಯದ ಬಗ್ಗೆ ಯಾರು ತಾನೇ ಬಾಯಿ ಬಿಡ್ತಾರೆ? ಪ್ರತಿ ದೂರಿನ ಹಿಂದೇನೇ ಒಂದು ನೋಟೀಸು ಬಂದ್ರೆ ಎಲ್ಲರೂ ತುಟಿ ಹೊಲ್ಕೊಂಡು ಕೂರ್ತಾರೆ.

ಹೆಂಡತಿ: (ಗಂಡನ ಕಡೆ ತಿರುಗಿ) ಕೇಳಿಸ್ತಾ?

ಗಂಡ: ಇವಳು ಅದಕ್ಕೂ ಮೊದಲು ಮ್ಯಾನೇಜರ್ ಹತ್ರ ಹೇಳಿದ್ಲಲ್ಲ ಮೇಡಂ, ಅದು?

ವಕೀಲೆ: ಅದಕ್ಕೆ ಅರ್ಧ ರಕ್ಷಣೆ.

ಗಂಡ: ಅರ್ಧ ಅಂದ್ರೆ ಸೊಂಟದವರೆಗಾ?

ವಕೀಲೆ: ಹೇಳಬೇಕಾದವರಿಗೇ ಹೇಳಿದ್ರು, ನಿಜ ಅಂತ ನಂಬಿ ಹೇಳಿದ್ರು, ಹೊಟ್ಟೇಲಿ ಹಳೇ ದ್ವೇಷ ಇರಲಿಲ್ಲ. ಇಷ್ಟಿದ್ರೆ ಅದೂ ಗಟ್ಟಿನೇ. ದ್ವೇಷ ಇತ್ತಾ?

ಹೆಂಡತಿ: ಬಾಗಿಲು ತೆಗೆದುಬಿಟ್ರೆ ಅವನು ದೇವರಂಥ ಮನುಷ್ಯ ಅಂತ ನಾನೇ ಹೇಳ್ತೀನಿ.

ಗಂಡನಿಗೆ ಒಳಗೊಳಗೇ ಕೊಂಚ ನಿರಾಸೆಯಾಯಿತು. ಬೆಳಗಿನಿಂದ ಅವನು ಕ್ಷಮಿಸಲು ತಯಾರಾಗಿ ಬಂದಿದ್ದ. ನೋಡಿದರೆ ಕ್ಷಮಿಸುವಂಥ ತಪ್ಪೇ ಅವಳು ಮಾಡಿರಲಿಲ್ಲ. ಅಷ್ಟರಲ್ಲಿ ವಕೀಲೆ ನೋಟೀಸಿನ ಎರಡನೆಯ ಪುಟ ತಿರುವಿದಳು. ತಲೆಯ ಮೇಲಿದ್ದ ಕನ್ನಡಕ ಮೂಗಿಗೆ ಬಂತು, ಮೂಗಿನ ಮೇಲಿದ್ದದ್ದು ತಲೆಗೆ ಹೋಯಿತು.

ವಕೀಲೆ: ಈ ಕೂದಲಿನ ವಿಷಯ ಏನು?

ಹೆಂಡತಿ: ಯಾವ ಕೂದಲು?

ವಕೀಲೆ: 'ನಮ್ಮ ಕಕ್ಷಿದಾರರ ತಲೆಯ ಮೇಲಿರುವುದು ಸ್ವಂತ ಕೂದಲಲ್ಲ, ಟೋಪನ್ನು ಎಂದು ಹತ್ತಾರು ಜನರ ಮುಂದೆ ಸಾರಿ, ಅವರು ಬೀದಿಯಲ್ಲಿ ತಲೆಯೆತ್ತಿ ನಡೆಯದಂತೆ ಮಾಡಿದ್ದೀರಿ.' ಇದನ್ನೂ ನ್ಯಾಯಮಂಡಳಿ ಮುಂದೆ ಹೇಳಿದ್ರಾ?

ಹೆಂಡತಿ: ಇಲ್ಲಪ್ಪ! ನನಗೆ ಬೇಕಿದ್ದಿದ್ದು ಬಾಗಿಲು. ಅವನ ತಲೆ ಕಟ್ಕೊಂಡು ನಾನೇನು ಮಾಡ್ಲಿ?

ಗಂಡ ತಲೆಯೆತ್ತಿ ಫ್ಯಾನು ನೋಡತೊಡಗಿದ. ಫ್ಯಾನು ನಿಂತಿತ್ತು.

ಹೆಂಡತಿ: ರೀ.

ಗಂಡ: ಹೂಂ.

ಹೆಂಡತಿ: ಇಲ್ಲಿ ನೋಡಿ.

ಗಂಡ: ನೀನೇ ಹೇಳಿದ್ದಲ್ವೇನೇ! ಊಟಕ್ಕೆ ಕೂತಾಗ! ಅಷ್ಟು ಹಬೇಲಿ ನಮ್ಮೆಲ್ಲರ ಕೂದಲು ಒದ್ದೆ ನೂಲಾಗುತ್ತೆ, ಅವನದೊಂದು ಎಳೆ ಅಲುಗಾಡಲ್ಲ ಅಂತ!

ಹೆಂಡತಿ: ಅಲುಗಾಡಲ್ಲ ಅಂದೆ. ಟೋಪನ್ನು ಅಂತ ನಾನಂದ್ನಾ?

ಗಂಡ: ಅಲುಗಾಡದ ಕೂದಲಿಗೆ ನಮ್ಮ ಕಸುಬಲ್ಲಿ ಇನ್ನೇನಂತಾರೆ? ನಾನು ತಜ್ಞ ಅಲ್ವಾ?

ವಕೀಲೆ: ಯಾರ ಮುಂದೆ ಹೇಳಿದ್ರಿ?

ಗಂಡ: ಯಾರ ಮುಂದೂ ಇಲ್ಲ. ಅಂಗಡೀಲಿ.

ಹೆಂಡತಿ: ಅಂದ್ರೆ ಎಲ್ಲರ ಮುಂದೆ.

ವಕೀಲೆ: ಹಾಗಾದ್ರೆ ಪ್ರಕಟಣೆ ಆಯ್ತು.

ಗಂಡ: ನಾನೇನು ಪೇಪರಲ್ಲಿ ಹಾಕಿಸಿಲ್ಲ ಮೇಡಂ!

ವಕೀಲೆ: ಮೂರನೆಯವರ ಕಿವಿಗೆ ಬಿದ್ರೆ ಸಾಕು, ಕಾನೂನಿನ ಲೆಕ್ಕದಲ್ಲಿ ಅದೇ ಪ್ರಕಟಣೆ.

ಹೆಂಡತಿ: ಇವರ ಅಂಗಡೀಲಿ ಬೆಳಗ್ಗೆ ಒಂದು ಆವೃತ್ತಿ, ಸಂಜೆ ಒಂದು ಆವೃತ್ತಿ ಬರುತ್ತೆ ಮೇಡಂ.

ವಕೀಲೆ: ಅದು ಅವರ ಕಿವಿಗೆ ಹೇಗೆ ಹೋಯ್ತು?

ಗಂಡ: (ತಗ್ಗಿದ ದನಿಯಲ್ಲಿ) ಆವತ್ತು ಕುರ್ಚೀಲಿ ಇದ್ದಿದ್ದು ಅವರ ಭಾಮೈದ ಅಂತ ಆಮೇಲೆ ಗೊತ್ತಾಯ್ತು. ಮುಖಕ್ಕೆ ಬಿಸಿ ಟವೆಲ್ ಸುತ್ತಿತ್ತು. ಯಾರು ಅಂತ ನನಗೆ ಹೇಗೆ ತಿಳೀಬೇಕು?

ಹೆಂಡತಿ: ಸುತ್ತಿದ್ದು ನೀವೇ ಅಲ್ವಾ?

ಗಂಡ: ಮೇಡಂ, ಅವಳು ನನಗೆ ಹೇಳಿದ್ಲಲ್ಲ, ಅದು ಪ್ರಕಟಣೆ ಅಲ್ವಾ? ಮೊದಲ ತಪ್ಪು ಅವಳದೇ ತಾನೇ?

ವಕೀಲೆ: ಗಂಡ ಹೆಂಡತಿ ಮಧ್ಯೆ ಆಡಿದ್ದು ಪ್ರಕಟಣೆ ಆಗಲ್ಲ. ಕಾನೂನು ನಿಮ್ಮಿಬ್ಬರನ್ನ ಒಂದೇ ಜೀವ ಅಂತ ನೋಡುತ್ತೆ.

ಹೆಂಡತಿ: ಕಾನೂನು ನಮ್ಮ ಮನೆಗೆ ಬಂದಿಲ್ಲ, ಬಿಡಿ.

ಗಂಡ: ಅಂದ್ರೆ ಅವಳಿಗೆ ಅಲ್ಲಿ ಪೂರ್ತಿ ರಕ್ಷಣೆ, ಆಫೀಸಲ್ಲಿ ಅರ್ಧ ರಕ್ಷಣೆ, ಮನೇಲೂ ರಕ್ಷಣೆ. ನನಗೆ?

ವಕೀಲೆ: ನಿಮಗೆ ಒಂದೇ ದಾರಿ. ಹೇಳಿದ್ದು ನಿಜ ಅಂತ ತೋರಿಸಬೇಕು. ಅದು ಟೋಪನ್ನೇ ಅಂತ ಖಾತ್ರಿ ಇದೆಯಾ?

ಗಂಡ: ಖಾತ್ರಿ ಅಂದ್ರೆ... ದೂರದಿಂದ ನೋಡಿದ್ದು. ಬಸ್ಸಿನ ಕಿಟಕೀಲಿ.

ವಕೀಲೆ: ಹಾಗಾದ್ರೆ ಮುಂದೆ ನಾನು ಹೇಳೋವರೆಗೂ ನೀವು ಅಂಗಡೀಲಿ ಬಾಯಿ ಬಿಡಬಾರದು.

ಗಂಡ: ಪೂರ್ತಿನಾ?

ವಕೀಲೆ: ಕುತ್ತಿಗೆ ಬಗ್ಗಿಸಿ, ಎತ್ತಿ, ಇಷ್ಟು ಹೇಳಬಹುದು.

ಮನೆಗೆ ನಡೆದು ಹೋಗುವಾಗ ಗಂಡ ದಾರಿಯಲ್ಲಿ ಸಿಕ್ಕ ಗಿರಾಕಿಗಳಿಗೆಲ್ಲ ಬರೀ ಕೈ ಮುಗಿದು ಮುಂದೆ ಸಾಗಿದ. ಅವನ ಬಾಯಿ ಬಂದಾದರೆ ಹೆಂಡತಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚು.

ಗಂಡ: ದೂರು ವಾಪಸ್ ತಗೊಂಡುಬಿಡೇ. ಅವನು ನೋಟೀಸು ವಾಪಸ್ ತಗೋತಾನೆ. ಒಂದು ಬಾಗಿಲಿಗೋಸ್ಕರ ಯಾಕೆ ಇಷ್ಟು ರಾದ್ಧಾಂತ?

ಹೆಂಡತಿ: ಹಬೆ ಪೈಪು ಒಡೆದ ದಿನ ನಾನು ಮನೆಗೆ ಬಂದು ಏನು ಹೇಳಿದೆ, ನೆನಪಿದೆಯಾ?

ಗಂಡ: ಪೈಪು ಒಡೀತು, ಬಟ್ಟೆ ಎಲ್ಲ ಹಾಳಾಯ್ತು ಅಂದೆ.

ಹೆಂಡತಿ: ಅಷ್ಟೇ ಹೇಳಿದ್ದು. ನಿಮಗೆ ಹೇಳಿದ್ರೆ ಊರಿಗೆಲ್ಲ ಹೇಳ್ತೀರಿ, ಅಮ್ಮನಿಗೆ ಗೊತ್ತಾಗಿ ಕೆಲಸ ಬಿಡು ಅಂತಾರೆ ಅಂತ. ಆವತ್ತು ಕಣ್ಣೆದುರು ಕೈ ಹಿಡಿದ್ರೂ ಕಾಣಿಸ್ತಿರಲಿಲ್ಲ. ಮುಂದಿನ ಬಾಗಿಲು ಪೈಪಿನ ಪಕ್ಕದಲ್ಲೇ. ಎಲ್ಲರೂ ಹಿಂದಕ್ಕೆ ಓಡಿದ್ವಿ, ಬೀಗ. ಬಟ್ಟೆ ಮಡಚೋ ದೊಡ್ಡಮ್ಮ ಬಾಗಿಲಿಗೆ ತಲೆಯಾನಿಸಿ ಹಾಗೇ ಕುಸಿದುಬಿಟ್ರು. ನಾನು ಅವರ ತಲೆ ಮೇಲೆ ಒದ್ದೆ ಬೆಡ್‌ಶೀಟು ಹೊದಿಸಿ, ಬಾಗಿಲ ಸಂದಿಯಿಂದ ಬರ್ತಿದ್ದ ಗಾಳಿಗೆ ಅವರ ಮೂಗು ಒಡ್ಡಿ ಕೂತಿದ್ದೆ. ಯಾರೋ ಪೈಪು ಬಂದ್ ಮಾಡಿದ್ರು, ಬದುಕಿದ್ವಿ. ಬೀಗಪ್ಪ ಊಟಕ್ಕೆ ಹೋಗಿದ್ದ. ಕೀಲಿನೂ ಅವನ ಜೊತೆ ಊಟಕ್ಕೆ ಹೋಗಿತ್ತು.

ಗಂಡ ಅವಳ ಕೈಯಲ್ಲಿದ್ದ ಚೀಲ ತೆಗೆದುಕೊಂಡು ಅವಳ ಪಕ್ಕದಲ್ಲೇ ನಡೆದ.

ಮಾರನೆಯ ದಿನ ಸಲೂನಿನಲ್ಲಿ ಗಡ್ಡಕ್ಕೆ ಕಾದು ಕೂತಿದ್ದ ಇಬ್ಬರು ಗಿರಾಕಿಗಳು, ಒಬ್ಬ ಅಂಚೆಯವನು, ಒಬ್ಬ ಹಳೇ ಮೇಷ್ಟ್ರು, ಮುಖ ಮುಖ ನೋಡಿಕೊಂಡರು.

ಅಂಚೆಯವನು: ಏನು ರೇಡಿಯೋ, ಹಲ್ಲು ನೋವಾ?

ಗಂಡ: ಇಲ್ಲ.

ಮೇಷ್ಟ್ರು: ಮನೇಲಿ ಎಲ್ಲ ಕ್ಷೇಮ ತಾನೇ?

ಗಂಡ: (ಮೇಷ್ಟ್ರನ್ನು ಕುರ್ಚಿಗೆ ಕೂರಿಸಿ) ಕುತ್ತಿಗೆ ಬಗ್ಗಿಸಿ.

ಹೀಗಿರುವಾಗ ಬಾಗಿಲು ತಳ್ಳಿಕೊಂಡು ಬಂದವನು ಬೀಗಪ್ಪ. ಮೇಷ್ಟ್ರ ಮುಖ ಒರೆಸಿ ಮುಗಿದದ್ದೇ ತಡ, ಬಂದವನು ನೇರ ಹೋಗಿ ಕುರ್ಚಿಯಲ್ಲಿ ಕೂತ, ತಾನೇ ಬಟ್ಟೆ ಎಳೆದು ಕುತ್ತಿಗೆಗೆ ಸುತ್ತಿಕೊಂಡ.

ಬೀಗಪ್ಪ: ಎಳೀರಿ.

ಗಂಡ: ಏನನ್ನ?

ಬೀಗಪ್ಪ: ಕೂದಲು! ಎಲ್ಲರ ಮುಂದೆ ಹೇಳಿದ್ರಲ್ಲ, ಎಲ್ಲರ ಮುಂದೆ ಎಳೀರಿ!

ಗಂಡ ಎರಡು ಬೆರಳಲ್ಲಿ ಹಿಡಿದು ಎಳೆದ. ಬೀಗಪ್ಪನ ಹುಬ್ಬು ಮೇಲೆ ಹೋಯಿತು, ಕಣ್ಣಲ್ಲಿ ನೀರು ಬಂತು, ಕೂದಲು ಬರಲಿಲ್ಲ. ಬುಡ ನೋಡಿದ, ನೆತ್ತಿ ನೋಡಿದ, ಕಿವಿಯ ಹಿಂದೆ ನೋಡಿದ. ಅಪ್ಪಟ ಸ್ವಂತದ್ದು. ಕಸುಬಿನ ಇಷ್ಟು ವರ್ಷಗಳ ಹೆಮ್ಮೆ ಅವನ ಕಾಲ ಬಳಿ ಕತ್ತರಿಸಿದ ಕೂದಲಿನ ಜೊತೆ ಬಿದ್ದಿತು.

ಗಂಡ: ಸ್ವಾಮಿ, ತಪ್ಪಾಯ್ತು. ಇವರಿಬ್ಬರ ಮುಂದೆನೇ ಹೇಳ್ತೀನಿ, ನೂರಕ್ಕೆ ನೂರು ನಿಮ್ಮದೇ ಕೂದಲು. ನನ್ನ ನಾಲಿಗೆ ನನ್ನ ಕಣ್ಣಿಗಿಂತ ಮುಂದೆ ಓಡಿಬಿಡ್ತು. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದನ್ನ ಕತ್ತರಿಸಿದ ಪಾಪಿ ಯಾರು?

ಬೀಗಪ್ಪ: ನನ್ನ ಹೆಂಡತಿ.

ಗಂಡ: ಕೈ ಬಹಳ ಸ್ಥಿರವಾಗಿದೆ ಅವರದು.

ಅಂಚೆಯವನು ಕೆಮ್ಮಿದ. ಗಂಡ ಪ್ರಾಯಶ್ಚಿತ್ತದ ಹಾಗೆ ಬಾಚಣಿಗೆ ಕತ್ತರಿ ಎತ್ತಿಕೊಂಡು ಅಂಚುಗಳನ್ನು ಸರಿಮಾಡತೊಡಗಿದ. ಬೀಗಪ್ಪನ ದನಿಯೂ ತಣ್ಣಗಾಯಿತು.

ಬೀಗಪ್ಪ: ನಾನು ಕೆಟ್ಟವನಲ್ಲ. ಕೂದಲಿನ ಮಾತು ಮುಗೀತು. ನಿಮ್ಮ ಮನೆಯವರು ದೂರು ವಾಪಸ್ ತಗೊಳ್ಳಲಿ, ನಾನು ನೋಟೀಸು ವಾಪಸ್ ತಗೋತೀನಿ. ನೀವು ಒಂದು ಮಾತು ಹೇಳಿ ಅವರಿಗೆ.

ಗಂಡ: ನನ್ನ ಮಾತು ಕೇಳೋದು ಈ ಕುರ್ಚೀಲಿ ಕೂತವರು ಮಾತ್ರ. ಅದೂ ಕತ್ತಿ ಗಂಟಲ ಮೇಲಿರುತ್ತೆ ಅಂತ.

ಬೀಗಪ್ಪ: ಯೋಚನೆ ಮಾಡಿ. ಎರಡು ಮನೆಗೂ ನೆಮ್ಮದಿ.

ಗಂಡ ಯೋಚಿಸಿದ. ನಿಜ ಹೇಳಬೇಕೆಂದರೆ ಆಸೆಯಾಯಿತು. ಒಂದು ಹೂಂ ಅಂದರೆ ಕೋರ್ಟಿಲ್ಲ, ಕಚೇರಿಯಿಲ್ಲ, ಇಂದಿನಿಂದಲೇ ಬಾಯಿ ಬಿಡಬಹುದು. ಕನ್ನಡಿಯ ಮೇಲಿದ್ದ ಗಡಿಯಾರ ನೋಡಿದ. ಅದು ಹೆಂಡತಿಯ ಪಾಳಿಯ ಹೊತ್ತು. ಕತ್ತರಿ ನಿಂತಿತು.

ಗಂಡ: ಸ್ವಾಮಿ, ನೀವು ಇಲ್ಲಿದ್ದೀರಿ.

ಬೀಗಪ್ಪ: ಹೌದು.

ಗಂಡ: ಹಿಂಬಾಗಿಲ ಕೀಲಿ ಎಲ್ಲಿದೆ?

ಸುತ್ತಿದ್ದ ಬಟ್ಟೆಯೊಳಗೆ ಬೀಗಪ್ಪನ ಕೈ ತನ್ನಷ್ಟಕ್ಕೆ ಜೇಬಿನ ಕಡೆ ಹೋಯಿತು. ಒಳಗಿನಿಂದ ಗಿಲಕ್ಕೆಂದಿತು. ಅಂಚೆಯವನಿಗೂ ಕೇಳಿಸಿತು, ಮೇಷ್ಟ್ರಿಗೂ ಕೇಳಿಸಿತು.

ಗಂಡ: ಏಳಿ.

ಬೀಗಪ್ಪ: ಒಂದು ಕಡೆ ಇನ್ನೂ ಬಾಕಿ ಇದೆ!

ಗಂಡ: ಒಳಗೆ ನನ್ನ ಹೆಂಡತಿ ಇದ್ದಾಳೆ. ದೊಡ್ಡಮ್ಮ ಇದ್ದಾರೆ. ಏಳ್ರಿ ಅಂದೆ!

ಆ ಮಧ್ಯಾಹ್ನ ಬೀದಿಯವರು ಕಂಡ ಮೆರವಣಿಗೆ ಹೀಗಿತ್ತು: ಮುಂದೆ ಬೀಗಪ್ಪ, ಕುತ್ತಿಗೆಗೆ ಬಿಳಿ ಬಟ್ಟೆ, ತಲೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಪೊದೆ. ಹಿಂದೆ ಬಾಚಣಿಗೆ ಹಿಡಿದ ರೇಡಿಯೋ. ಅವನ ಹಿಂದೆ ಚೀಲ ಹೊತ್ತ ಅಂಚೆಯವನು, ಕಿವಿಯಲ್ಲಿ ನೊರೆ ಉಳಿದಿದ್ದ ಮೇಷ್ಟ್ರು. ಯಾರು ಏನು ಕೇಳಿದರೂ ರೇಡಿಯೋ ಬಾಚಣಿಗೆಯಿಂದ ಮುಂದಿನ ದಾರಿ ತೋರಿಸುತ್ತಿದ್ದ. ಲಾಂಡ್ರಿಯ ಹಿಂಬದಿಗೆ ಹೋಗಿ, ಬೀಗಪ್ಪನ ಕೈಯಿಂದಲೇ ಬೀಗ ತೆಗೆಸಿ, ಬಾಗಿಲು ಎಳೆದ. ಒಳಗಿನ ಹಬೆ ಒಂದು ದೊಡ್ಡ ನಿಟ್ಟುಸಿರಿನಂತೆ ಹೊರಬಿತ್ತು. ಹಬೆ ಕರಗಿದಾಗ ಇಸ್ತ್ರಿ ಪೆಟ್ಟಿಗೆ ಹಿಡಿದ ಹೆಂಡತಿ ನಿಂತಿದ್ದಳು.

ಹೆಂಡತಿ: ನೀವಿಲ್ಲಿ? ಅವನೇನು ಹೀಗೆ, ಅರ್ಧ?

ಗಂಡ: ಸೊಂಟದವರೆಗೆ ರಕ್ಷಣೆ. ನೀನು ಚೆನ್ನಾಗಿದ್ದೀಯಾ?

ಹೆಂಡತಿ: ಚೆನ್ನಾಗಿದ್ದೀನಿ. ಯಾಕೆ ಅಳ್ತಿದ್ದೀರಿ?

ಗಂಡ: ಹಬೆ ಕಣೇ.

ಎರಡನೆಯ ವಿಚಾರಣೆಯಲ್ಲಿ ಅವನೇ ಸಾಕ್ಷಿ, ಅಂಚೆಯವನು ಮತ್ತು ಮೇಷ್ಟ್ರು ಅವನ ಹಿಂದೆ. ಜೇಬಿನಲ್ಲಿ ಕೀಲಿ ಗಿಲಕ್ಕೆಂದಿದ್ದನ್ನು ಅವನು ಹೇಳಿದ. ಆ ಸದ್ದಿನಿಂದ ಶುರುಮಾಡಿ ತನ್ನ ಬಾಲ್ಯಕ್ಕೆ ಹೋಗುವಷ್ಟರಲ್ಲಿ ನ್ಯಾಯಮಂಡಳಿಯ ಅಧ್ಯಕ್ಷರು ಸಾಕು ಎಂದರು. ಆಮೇಲೆ ಬೀಗಪ್ಪನ ಸರದಿ.

ಬೀಗಪ್ಪ: ಸ್ವಾಮಿ, ಈಕೆಗೆ ಕೆಲಸ ಮಾಡೋಕಿಂತ ದೂರು ಹೇಳೋಕೆ ಇಷ್ಟ. ಈಕೆ ಇಸ್ತ್ರಿ ಮಾಡಿದ ಬೆಡ್‌ಶೀಟು ನೋಡಿದ್ರೆ ಹಸು ಮೆದ್ದು ಉಗಿದ ಹಾಗಿರುತ್ತೆ. ಇಂಥವರು ಹಿಂದಿನಿಂದ ಜಾರಿಕೊಳ್ತಾರೆ ಅಂತಲೇ ನಾನು ಬೀಗ ಹಾಕಿದ್ದು. ಇನ್ನು ಇವರ ಗಂಡ, ಅವರನ್ನ ಸಾಕ್ಷಿ ಅಂತ ನಂಬೋದೂ ಒಂದೇ, ಗಿಳಿಯನ್ನ ನಂಬೋದೂ ಒಂದೇ.

ಗಂಡ: (ವಕೀಲೆಯ ಕಿವಿಯಲ್ಲಿ) ಸಿಕ್ಕಿಬಿದ್ದ ಮೇಡಂ! ಹತ್ತಾರು ಜನರ ಮುಂದೆ! ಪ್ರಕಟಣೆ! ಹಾಕಿ ಕೇಸು!

ವಕೀಲೆ: ಹಾಕೋಕಾಗಲ್ಲ.

ಹೆಂಡತಿ: ಯಾಕಾಗಲ್ಲ? ಹಸು ಮೆದ್ದ ಹಾಗಿರುತ್ತಂತೆ ನನ್ನ ಇಸ್ತ್ರಿ!

ವಕೀಲೆ: ನಿಮಗಿದ್ದ ವಿಶೇಷಾಧಿಕಾರಾನೇ ಅವರಿಗೂ ಇದೆ. ಇಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದ್ರೆ ಅದಕ್ಕೆ ಬೇರೆ ಶಿಕ್ಷೆ ಉಂಟು. ಮಾನನಷ್ಟ ಮಾತ್ರ ಇಲ್ಲ. ನಿಮ್ಮ ಬಾಯಿ ಕಾದ ಗೋಡೆನೇ ಅವರ ಬಾಯೀನೂ ಕಾಯುತ್ತೆ.

ಹೆಂಡತಿ: ಇದೇನು ಅನ್ಯಾಯ!

ಗಂಡ: ಮೊನ್ನೆ ನಿನಗೆ ಕೊಟ್ಟಾಗ ನ್ಯಾಯ ಅಂದಿದ್ದೆ.

ಹೆಂಡತಿ: ನೀವು ಸುಮ್ನಿರಿ, ಗಿಳಿ.

ತೀರ್ಪು ಅವತ್ತೇ ಬಂತು. ಹಿಂಬಾಗಿಲ ಬೀಗ ತೆಗೆಯಬೇಕು, ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಪಟ್ಟಿ ಹಾಕಿಸಬೇಕು, ದೂರು ಕೊಟ್ಟವಳ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಬೀಗಪ್ಪನ ವಕೀಲರು ನೋಟೀಸನ್ನು ಹಿಂದಕ್ಕೆ ಪಡೆದುಕೊಂಡರು. ಹೆಂಡತಿಗೆ ಗೆದ್ದ ಖುಷಿ ಇದ್ದರೂ ಹಸುವಿನ ಮಾತು ಗಂಟಲಲ್ಲಿ ಮುಳ್ಳಾಗಿತ್ತು. ಗೇಟಿನ ಹೊರಗೆ ಬಂದು ಬೀದಿಯಲ್ಲಿ ಕಾದು ನಿಂತಳು. ಬೀಗಪ್ಪ ಹೊರಬಂದ.

ಹೆಂಡತಿ: ಸಾರ್, ನನ್ನ ಇಸ್ತ್ರಿ ಬಗ್ಗೆ ಒಳಗೆ ಏನೋ ಅಂದ್ರಲ್ಲ. ಇಲ್ಲಿ ಇನ್ನೊಂದ್ಸಲ ಹೇಳಿ.

ಬೀಗಪ್ಪ ಬಾಯಿ ತೆರೆದ. ಅವಳ ಪಕ್ಕದಲ್ಲಿದ್ದ ವಕೀಲೆಯನ್ನು ನೋಡಿದ. ದಾರಿಹೋಕರನ್ನು ನೋಡಿದ. ಬಾಯಿ ಮುಚ್ಚಿದ. ಗಂಟಲು ಸರಿಮಾಡಿಕೊಂಡ.

ಬೀಗಪ್ಪ: ನಿಮ್ಮ ಇಸ್ತ್ರಿ ಚೆನ್ನಾಗಿರುತ್ತೆ. ಇಡೀ ಲಾಂಡ್ರೀಲಿ ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಲ್ಲ.

ಹೆಂಡತಿ: ಮತ್ತೆ ಇದನ್ನ ಒಳಗೇ ಹೇಳಬಹುದಿತ್ತಲ್ಲ?

ಬೀಗಪ್ಪ: ಒಳಗೆ ಮಾನನಷ್ಟದ ಕೇಸಿನ ಭಯ ಎಲ್ಲಿತ್ತಮ್ಮಾ?